ತಾತನ ಗಡ್ಡ

ಗೋಡೆ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಷ್ಟ್ರು ಮೂರು ಸಲ ಹೇಳಿದರು. ಪ್ರವಾಸದ ಬಗ್ಗೆ ಆಗಲೇ ಇಬ್ಬರು ಬರೆದಿದ್ದಾರೆ. ಮಳೆಗಾಲದ ಬಗ್ಗೆ ಪ್ರತಿವರ್ಷ ಯಾರಾದರೂ ಬರೆದೇ ಬರೆಯುತ್ತಾರೆ. ನನ್ನ ಹತ್ತಿರ ಇರುವ ಹೊಸ ವಿಷಯ ಒಂದೇ. ಈ ದಸರಾ ರಜೆಯಲ್ಲಿ ನಾನು ಕ್ಷೌರದ ಕತ್ತಿ ಹಿಡಿಯುವುದನ್ನು ಕಲಿತೆ. ಓದಿ ಕೆಲವರು ನಗಬಹುದು. ನಗಲಿ.

ನಮ್ಮ ತಾತ ಈ ಊರಿನ ಕ್ಷೌರಿಕ. ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರ ತಲೆಯನ್ನು ಮೊದಲು ಬೋಳಿಸಿದವನು ಅವನೇ. ಆಗ ದುಡ್ಡಿನ ಮಾತಿರಲಿಲ್ಲವಂತೆ. ವರ್ಷವೆಲ್ಲ ಮನೆಮನೆಯ ಜಗಲಿ ಮೇಲೆ ಕೂತು ಕ್ಷೌರ ಮಾಡುವುದು, ಸುಗ್ಗಿ ಬಂದಾಗ ಕಣಕ್ಕೆ ಹೋಗಿ ಆಯ ಅಂತ ರಾಗಿ, ಹುರುಳಿ ತರುವುದು. ಕೊಟ್ಟವರು ಕೊಟ್ಟರು, ಕೆಲವರು ಮುಂದಿನ ವರ್ಷ ಅಂದರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ ಅಂತ ತಾತ ಈಗಲೂ ನಗುತ್ತಾನೆ. ಅಪ್ಪನ ಅಂಗಡಿ ಪೇಟೆಯಲ್ಲಿದೆ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ರಾತ್ರಿ ಕೊನೆ ಬಸ್ಸಿಗೆ ಬರುತ್ತಾನೆ. ಮಂಗಳವಾರ ಮಾತ್ರ ರಜ.

ಇಲ್ಲಿ ಒಂದು ವಿಷಯ ಹೇಳಲೇಬೇಕು. 8ನೇ ತರಗತಿಯಲ್ಲಿ ಒಬ್ಬ ನನ್ನನ್ನು ಆ ಪದದಿಂದ ಕರೆದ. ಯಾವ ಪದ ಅಂತ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ಜಗಳದಲ್ಲಿ ಬಯ್ಯುವುದಕ್ಕೂ ಅದೇ ಪದ ನಮ್ಮ ಬಾಯಿಗೆ ಬರುತ್ತದೆ. ಅವತ್ತಿನಿಂದ ಯಾರಾದರೂ 'ನಿಮ್ಮಪ್ಪ ಏನ್ ಮಾಡ್ತಾರೆ' ಅಂದರೆ 'ಅಂಗಡಿ' ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಒಂದು ದಿನ ನಾನು ಮರೆತು ಬಂದಿದ್ದ ಲೆಕ್ಕದ ನೋಟ್‌ಬುಕ್ಕು ಕೊಡಲು ತಾತ ಬಗಲಲ್ಲಿ ಚೀಲ ಇಟ್ಟುಕೊಂಡು ಶಾಲೆ ಗೇಟಿಗೆ ಬಂದಿದ್ದ. ಕಿಟಕಿಯಿಂದ ನೋಡಿದೆ, ಹೊರಗೆ ಹೋಗಲಿಲ್ಲ. ಬೇರೆ ಹುಡುಗನ ಕೈಲಿ ತರಿಸಿಕೊಂಡೆ. ತಾತ ಮನೆಯಲ್ಲಿ ಆ ಮಾತು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಆ ಚೀಲಕ್ಕೆ ತಾತ ಹಡಪ ಅನ್ನುತ್ತಾನೆ. 12ನೇ ಶತಮಾನದ ವಚನಕಾರ ಹಡಪದ ಅಪ್ಪಣ್ಣನ ಹೆಸರನ್ನು ಮೇಷ್ಟ್ರು ಪಾಠದಲ್ಲಿ ಹೇಳಿದಾಗ ನಾನು ಚಕ್ಕನೆ ತಲೆ ಎತ್ತಿದ್ದೆ. ಅಪ್ಪಣ್ಣನ ಹಡಪ ಬಸವಣ್ಣನವರ ಎಲೆ ಅಡಿಕೆ ಚೀಲ. ನಮ್ಮ ತಾತನದರಲ್ಲಿ ಕತ್ತರಿ, ಉಗುರುಗತ್ತಿ, ಸಾಣೆಕಲ್ಲು, ಹಿತ್ತಾಳೆ ಬಟ್ಟಲು, ಒಂದು ಪಟಿಕದ ಗಡ್ಡೆ, ಆಮೇಲೆ ಕತ್ತಿ. ಕತ್ತಿ ತಾತನ ಅಪ್ಪನ ಕಾಲದ್ದು, ಕೊಂಬಿನ ಹಿಡಿ. ತಗಡಿನ ಮೇಲೆ ಅರ್ಧ ಸವೆದ ಇಂಗ್ಲಿಷ್ ಅಕ್ಷರ. ಕೂಡಿಸಿ ಕೂಡಿಸಿ ಓದಿದರೆ ಸೋಲಿಂಗೆನ್, ಜರ್ಮನಿ ಅಂತ ಆಯಿತು. ಕತ್ತಿ ಚಾಕು ಮಾಡುವುದಕ್ಕೇ ಹೆಸರಾದ ಊರಂತೆ ಅದು. ಅಲ್ಲಿಂದ ನಮ್ಮೂರಿಗೆ ಹೇಗೆ ಬಂತೋ, ತಾತನಿಗೂ ಗೊತ್ತಿಲ್ಲ.

ಹೋದ ವರ್ಷದಿಂದ ತಾತನ ಕೈ ನಡುಗುತ್ತದೆ. ತನ್ನ ಗಡ್ಡ ತಾನೇ ಮಾಡಿಕೊಳ್ಳುತ್ತಿದ್ದವನು ಎರಡು ಸಲ ಕುಯ್ದುಕೊಂಡು ಬಿಟ್ಟುಬಿಟ್ಟ. ಅಪ್ಪ ಮನೆಯಲ್ಲಿರುವುದು ಮಂಗಳವಾರ, ಮಂಗಳವಾರ ತಾತ ಕತ್ತಿ ಮುಟ್ಟಲು ಬಿಡುವುದಿಲ್ಲ. ದೀಪ ಹಚ್ಚಿದ ಮೇಲೂ ಕ್ಷೌರ ಆಗಬಾರದು. ಹೀಗಾಗಿ ಗಡ್ಡ ಬೆಳೆಯಿತು. ಅರಳಿಕಟ್ಟೆಯಲ್ಲಿ ಯಾರೋ "ಊರಿಗೆಲ್ಲಾ ಕ್ಷೌರ ಮಾಡ್ದೋನ ಗಡ್ಡ ನೋಡ್ರಪ್ಪಾ" ಅಂದರಂತೆ. ತಮಾಷೆಗೇ ಅಂದಿದ್ದು. ಆದರೆ ತಾತ ಕಟ್ಟೆಗೆ ಹೋಗುವುದನ್ನೇ ನಿಲ್ಲಿಸಿದ.

"ನಾನ್ ಮಾಡ್ಲಾ ತಾತ?" ಅಂದೆ.

"ನಿಮ್ಮಪ್ಪ ಬಯ್ತಾನೆ ಕಣ್ ಮಗಾ."

ಅದು ನಿಜ. ಅಪ್ಪ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದೇ ಇಲ್ಲ. 'ಇದು ಕೈಗೆ ಹತ್ತಿದರೆ ಬಿಡಾಕಾಗಲ್ಲ, ನೀನು ಓದು' ಅನ್ನುತ್ತಾನೆ. ಅದಕ್ಕೇ ಅಪ್ಪ ಇಲ್ಲದಾಗ ಪಾಠ ಶುರುವಾಯಿತು.

ಮೊದಲು ಸಾಣೆ. ಕಲ್ಲಿಗೆ ನೀರು ಬಿಟ್ಟು, ಕತ್ತಿಯ ಬೆನ್ನು, ಬಾಯಿ ಎರಡೂ ತಾಗುವ ಹಾಗೆ ಮಲಗಿಸಿ, ಬಾಯಿ ಮುಂದೆ ಮಾಡಿ ತಳ್ಳಬೇಕು. ಆಮೇಲೆ ಹಲಗೆಗೆ ಬಡಿದ ಚರ್ಮದ ಪಟ್ಟಿ. ಅಲ್ಲಿ ತಿರುಗುಮುರುಗು. ಬೆನ್ನು ಮುಂದೆ, ಬಾಯಿ ಹಿಂದೆ. ಮಗ್ಗುಲು ಬದಲಿಸುವಾಗ ಬೆನ್ನಿನ ಮೇಲೇ ಹೊರಳಿಸಬೇಕು. ನಾನು ಜೋರಿನಲ್ಲಿ ಬಾಯಿ ಮುಂದೆ ಮಾಡಿ ಎಳೆದೆ. ಪಟ್ಟಿ ಎರಡು ಬೆರಳಷ್ಟು ಕುಯ್ದುಹೋಯಿತು. ತಾತ ಅದನ್ನು ಸವರಿ ನೋಡಿ, "ಕೆನ್ನೆ ಅಲ್ವಲ್ಲ, ಬಿಡು" ಅಂದ.

ಆಮೇಲೆ ಬಲೂನು. ಊದಿ, ಸೋಪಿನ ನೊರೆ ಹಚ್ಚಿ, ಬಲೂನು ಒಡೆಯದ ಹಾಗೆ ನೊರೆ ತೆಗೆಯಬೇಕು. 5 ಬಲೂನಿನಲ್ಲಿ 3 ಢಬ್ ಅಂದವು. ಒಂದರ ನೊರೆ ನನ್ನ ಕಣ್ಣಿಗೇ ಹಾರಿತು. ತಂಗಿ ನಕ್ಕು ನಕ್ಕು ಉರುಳಾಡಿದಳು. ತಪ್ಪು ಎಲ್ಲಿ ಅಂದರೆ ಕತ್ತಿಯನ್ನು ನಾನು ಎತ್ತಿ ಹಿಡಿಯುತ್ತಿದ್ದೆ. ಎತ್ತಿದರೆ ಕಚ್ಚುತ್ತದೆ, ಪೂರಾ ಮಲಗಿಸಿದರೆ ಕೂದಲು ಕೀಳುತ್ತದೆ. ಎಷ್ಟು ಓರೆ ಇರಬೇಕು ಅಂತ ತಾತ ಹಿಡಿದು ತೋರಿಸಿದಾಗ ನಾನು ಕಂಪಾಸ್ ಪೆಟ್ಟಿಗೆಯ ಕೋನಮಾಪಕ ತಂದು ಅಳೆದೆ. ಸುಮಾರು 30 ಡಿಗ್ರಿ. (ಗಣಿತ ಮೇಷ್ಟ್ರು ಗಮನಿಸಬೇಕು!) ಇನ್ನೊಂದು, ಕತ್ತಿಯನ್ನು ಕೂದಲಿನ ದಾರಿಗೆ ಎಳೆಯಬೇಕೇ ಹೊರತು ಗರಗಸದ ಹಾಗೆ ಅಡ್ಡಡ್ಡ ಜಾರಿಸಬಾರದು. ಜಾರಿತೋ, ರಕ್ತ.

ಒಂದು ಭಾನುವಾರ ಬೆಳಿಗ್ಗೆ ತಾತ ತಾನೇ ಜಗಲಿ ಮೇಲೆ ಬಂದು ಕೂತ. ಬಿಸಿನೀರಿನ ಬಟ್ಟೆ ಬಹಳ ಹೊತ್ತು ಒತ್ತಿಸಿಕೊಂಡ. ಕೂದಲು ನೀರು ಕುಡಿದರೆ ಮೆತ್ತಗಾಗುತ್ತದೆ. ಎಡಗೈಯಿಂದ ಚರ್ಮ ಬಿಗಿಹಿಡಿದು ಕಿವಿಯ ಹತ್ತಿರದಿಂದ ಇಳಿಸಿದೆ. ಸರ್ ಅಂತ ಸಣ್ಣ ಸದ್ದು ಬಂತು. ಬಲೂನಿನಲ್ಲಿ ಆ ಸದ್ದು ಇರಲಿಲ್ಲ. ಬಲೂನಿಗೆ ಸುಕ್ಕೂ ಇರಲಿಲ್ಲ. ತಾತನ ಕೆನ್ನೆ ಒಳಗೆ ಹೋಗಿದೆ, ಹಲ್ಲಿಲ್ಲ. ಅವನು ನಾಲಿಗೆಯಿಂದ ಒಳಗಿಂದ ಒತ್ತಿಕೊಟ್ಟ. ಕತ್ತಿನಲ್ಲಿ ಕೂದಲು ಒಂದೊಂದು ಕಡೆ ಮೇಲ್ಮುಖ ಬೆಳೆದಿರುತ್ತದೆ, ಬೆರಳಾಡಿಸಿ ನೋಡಿಯೇ ಹೋಗಬೇಕು. ಗಂಟಲ ಗುಣ್ಣಿಯ ಹತ್ತಿರ ಬಂದಾಗ ನನ್ನ ಕೈ ನಿಂತುಬಿಟ್ಟಿತು. ತಾತ ಕಣ್ಣು ಮುಚ್ಚಿಕೊಂಡು ತಲೆ ಹಿಂದಕ್ಕೆ ಒರಗಿಸಿದ್ದ. ಅಷ್ಟು ಹರಿತದ ಕತ್ತಿ ನನ್ನ ಕೈಲಿದೆ, ಅವನು ನಿದ್ದೆ ಬಂದವನ ಹಾಗೆ ಕೂತಿದ್ದಾನೆ. ಗೇಟಿನ ಹತ್ತಿರ ನಿಂತಿದ್ದ ತಾತ ಆಗ ನೆನಪಾದ.

"ಉಸ್ರು ಬಿಡ್ಲಾ ಮೊದ್ಲು," ಅಂದ, ಕಣ್ಣು ತೆರೆಯದೆ.

ಗದ್ದದಲ್ಲಿ ಒಂದು ಕಡೆ ಕುಯ್ದೆ. ಪಟಿಕ ಒದ್ದೆ ಮಾಡಿ ಒತ್ತಿದ ಮೇಲೆ ನಿಂತಿತು. ಮುಗಿದಾಗ ತಾತ ಮುಖ ಸವರಿಕೊಂಡು, "ಇಲ್ಲಿ ನಾಕು ಕೂದ್ಲು ಬಿಟ್ಟಿದ್ದೀಯ" ಅಂದ. ಆಮೇಲೆ ಕೋಲು ತಗೊಂಡು ಅರಳಿಕಟ್ಟೆ ಕಡೆ ಹೊರಟ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ನಾನೇ ಹೋಗಿ ಎಲ್ಲರ ಮುಂದೆ ಕೂಗಿ ಕರೆದುಕೊಂಡು ಬಂದೆ.

ನಮಗೂ ಮಾಡು ಅಂತ ಯಾರೂ ಕೇಳಬೇಡಿ. ಆ ಕತ್ತಿ ತಾತ ಒಬ್ಬನಿಗೇ. ಅಪ್ಪನ ಅಂಗಡಿಯಲ್ಲಿ ಒಬ್ಬೊಬ್ಬರಿಗೂ ಹೊಸ ಅರ್ಧ ಬ್ಲೇಡು ಹಾಕುತ್ತಾರೆ. ಕಾಮಾಲೆಯ ಹೆಪಟೈಟಿಸ್ ಬಿ ವೈರಸ್ಸು ರಕ್ತ ತಾಗಿದ ಕತ್ತಿಯಿಂದಲೂ ಹರಡುತ್ತದೆ.

ಅವತ್ತು ರಾತ್ರಿ ಅಪ್ಪ ಬಂದವನು ತಾತನ ಮುಖ ನೋಡಿದ, ಗದ್ದದ ಗಾಯ ನೋಡಿದ, ಏನೂ ಕೇಳದೆ ಉಂಡು ಮಲಗಿದ. ನನಗೆ ನಿದ್ದೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಹಡಪ ಬಿಚ್ಚಿಕೊಂಡು ಕೂತಿದ್ದ. ಚರ್ಮದ ಪಟ್ಟಿಯನ್ನು ಬೆಳಕಿಗೆ ಹಿಡಿದು, ಕುಯ್ದ ಜಾಗದ ಮೇಲೆ ಉಗುರಾಡಿಸುತ್ತಿದ್ದ.

"ಬೆನ್ನು ಮುಂದೆ ಅಂತ ತಾತ ಹೇಳ್ಲಿಲ್ವೇನೋ?"

"ಹೇಳಿದ್ದ," ಅಂದೆ.

"ಬಾ ಇಲ್ಲಿ," ಅಂದ.