ಘಟ್ಟದ ಮೇಲೆ ಕಲಿತ ಕಾಫಿ

ಮಂಗಳೂರಿನಿಂದ ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರಗಳ ಮೇಲಾಗಿ ಚಿಕ್ಕಮಗಳೂರನ್ನು ಸೇರುವ ದಾರಿಯನ್ನು ಕಂಡವರಿಗೆ ಅದರ ಸೊಬಗನ್ನು ನಾವು ಹೇಳಬೇಕಾದುದಿಲ್ಲ. ಕಾಣದವರಿಗೆ ಹೇಳಿದರೆ ಮುಗಿಯುವುದಿಲ್ಲ. ಕಳೆದ ಪುಷ್ಯಮಾಸದಲ್ಲಿ ನಾವು ಈ ದಾರಿಯಾಗಿ ಪ್ರಯಾಣ ಮಾಡಿದೆವು. ಸಂಗಡ ನಮ್ಮ ತಾಯಿಯವರಿದ್ದರು. ಘಟ್ಟದ ತಿರುವುಗಳಲ್ಲಿ ಮಂಜು ಕವಿದು, ಮುಂದಿನ ಬಸ್ಸಿನ ಕೆಂಪು ದೀಪವೊಂದಲ್ಲದೆ ಬೇರೇನೂ ಕಾಣದಾಗಿತ್ತು. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದೆವು. ಹೋಟೆಲಿನವನು ಕೇಳದೆಯೇ ಕಾಫಿಯನ್ನು ತಂದಿರಿಸಿದನು. ತಾಯಿಯವರು ಲೋಟವನ್ನು ಒಮ್ಮೆ ನೋಡಿ ನಮ್ಮ ಕಡೆಗೆ ಸರಿಸಿಬಿಟ್ಟರು.

ಇದಕ್ಕೆ ಕಾರಣವುಂಟು. ಎರಡು ವರ್ಷಗಳ ಹಿಂದೆ ಅವರಿಗೆ ಮಧುಮೇಹವಿರುವುದು ತಿಳಿದುಬಂದು, ವೈದ್ಯರು ಸಕ್ಕರೆಯನ್ನು ನಿಲ್ಲಿಸುವಂತೆಯೂ ಹಾಲನ್ನು ಮಿತಗೊಳಿಸುವಂತೆಯೂ ಹೇಳಿದ್ದರು. ಐವತ್ತು ವರ್ಷ ಹಿತ್ತಾಳೆಯ ಫಿಲ್ಟರಿನ ಗಟ್ಟಿ ಡಿಕಾಕ್ಷನ್ನಿಗೆ ಅವೆರಡನ್ನೂ ಬೆರೆಸಿ ಕುಡಿದವರಿಗೆ ಇನ್ನು ಉಳಿದುದು ಬರಿಯ ಕಹಿ. “ಇದನ್ನು ಕುಡಿಯುವುದಕ್ಕಿಂತ ಬೇವಿನ ಕಷಾಯ ಮೇಲು” ಎಂದು ಕಾಫಿಯನ್ನೇ ಬಿಟ್ಟರು. ಕಾಫಿಯೊಂದೇ ಹೋಗಿದ್ದರೆ ನಮಗೆ ಚಿಂತೆಯಿರಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಲೋಟ ಹಿಡಿದು ಕುಳಿತು, ಮನೆಯವರೆಲ್ಲರನ್ನೂ ಕರೆದು ಅರ್ಧ ತಾಸು ಮಾತನಾಡುವ ಅವರ ರೂಢಿಯೂ ಅದರೊಡನೆಯೇ ಹೋಯಿತು.

ನಾವು ಇಳಿದುಕೊಂಡುದು ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ, ಬಂಧುಗಳೊಬ್ಬರ ತೋಟದಲ್ಲಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಬಿತ್ತಿದರೆಂಬ ಐತಿಹ್ಯವು ಈ ಗಿರಿಗೆ ಸೇರಿದುದೇ. ಆಗ ಅರೇಬಿಕಾ ಹಣ್ಣಿನ ಕೊಯ್ಲು ನಡೆಯುತ್ತಿತ್ತು. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಅವುಗಳ ನೆರಳಿನಲ್ಲಿ ಹೆಂಗಸರು ಕೆಂಪು ಹಣ್ಣನ್ನು ಬಿಡಿಸುತ್ತಿದ್ದರು. ಸಿಪ್ಪೆ ತೆಗೆದು ತೊಳೆದ ಬೀಜವನ್ನು ಕಣದಲ್ಲಿ ಹರವಿ, ಗಳಿಗೆಗೊಮ್ಮೆ ಕೈಯಾಡಿಸುತ್ತಿದ್ದರು. ತಾಯಿಯವರು ಒಂದು ಹಣ್ಣನ್ನು ಚೀಪಿ ನೋಡಿ, “ಇಷ್ಟು ಸಿಹಿಯಿದೆಯಲ್ಲ, ಆಮೇಲೆ ಕಹಿಯಾಗುವುದು ಹೇಗೆ?” ಎಂದರು.

ತೋಟದ ಯಜಮಾನರು ನಕ್ಕರು. ಕಳೆದ ಶತಮಾನದ ತೊಂಬತ್ತರ ದಶಕದವರೆಗೂ ಬೆಳೆಗಾರರು ಬೆಳೆಯನ್ನು ಕಾಫಿ ಬೋರ್ಡಿನ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತಷ್ಟೆ. ಒಳ್ಳೆಯ ಬೀಜವೆಲ್ಲ ಹಡಗನ್ನೇರುತ್ತಿತ್ತೆಂದೂ, ತಮ್ಮ ಮನೆಯಲ್ಲಿಯೇ ಉದುರುಬೀಜಕ್ಕೆ ಚಿಕೋರಿ ಬೆರೆಸಿ ಕುಡಿಯುತ್ತಿದ್ದರೆಂದೂ ಅವರು ಹೇಳಿದರು. “ನಮ್ಮ ಗಿಡದ ರುಚಿ ನಮಗೆ ತಿಳಿದುದು ಈಚೆಗೆ, ಈ ಸೊಸೆ ಬಂದ ಮೇಲೆ.”

ಆ ಸೊಸೆಯೇ ಮರುದಿನ ನಮ್ಮ ಗುರುವಾದಳು. ಅವಳ ಸಾಮಗ್ರಿ ಬಹಳವಿಲ್ಲ: ಪಿಂಗಾಣಿಯ ಒಂದು ಲಾಳಿಕೆ, ಅದರೊಳಗೆ ಕೂರುವ ಸೋಸುಕಾಗದ, ಕೈಯಿಂದ ತಿರುಗಿಸುವ ಬೀಸುವ ಯಂತ್ರ, ಸಣ್ಣ ತಕ್ಕಡಿ, ಕೊಕ್ಕರೆಯ ಕೊರಳಿನಂತಹ ಮೂತಿಯ ಕೆಟಲು. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಹಿತ್ತಾಳೆಯ ಪಾತ್ರೆಗೆ ಮೊಳೆಯಿಂದ ತೂತು ಮಾಡಿ, ಮಗನ ಪುಸ್ತಕದ ಮಸಿ ಹೀರುವ ಕಾಗದವನ್ನು ಹಾಸಿ ಆರಂಭಿಸಿದ ಪದ್ಧತಿಯಿದು. ಅಡಿಗೆಮನೆಯಲ್ಲಿ ಹುಟ್ಟಿದುದಾದ್ದರಿಂದ ಇದಕ್ಕೆ ಅಂಜಬೇಕಾದುದಿಲ್ಲ.

ಮೊದಲು ಕಾಗದವನ್ನು ಬಿಸಿನೀರಿನಿಂದ ತೋಯಿಸಿ ಆ ನೀರನ್ನು ಚೆಲ್ಲಿದಳು; ಇಲ್ಲವಾದರೆ ಕಾಗದದ ವಾಸನೆ ಬರುತ್ತದಂತೆ. ಹುರಿದು ವಾರವಾಗಿದ್ದ ಬೀಜವನ್ನು 15 ಗ್ರಾಂ ತೂಗಿ, ರವೆಯಂತೆ ಬೀಸಿದಳು. ಅದರ ಮೇಲೆ 40 ಗ್ರಾಮಿನಷ್ಟು ನೀರನ್ನು ಮಾತ್ರ ಹೊಯ್ದು ಕೈ ತಡೆದಳು. ಪುಡಿಯು ಹೂರಣದಂತೆ ಉಬ್ಬಿ ಗುಳ್ಳೆಯೆದ್ದಿತು. ಹುರಿಯುವಾಗ ಬೀಜದೊಳಗೆ ಸೇರಿದ ಅನಿಲವು ಹೊರಡುವ ಬಗೆಯಿದು. ಹಳೆಯ ಪುಡಿ ಹೀಗೆ ಉಬ್ಬುವುದಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ಉಳಿದ ನೀರನ್ನು ನಡುವಿನಿಂದ ಸುತ್ತುಸುತ್ತಾಗಿ, ಅವಸರವಿಲ್ಲದೆ ಹೊಯ್ದಳು. ಒಟ್ಟು ನೀರು 240 ಗ್ರಾಂ, ಒಟ್ಟು ಕಾಲ ಮೂರು ನಿಮಿಷ.

“ಇದು ಕಾಫಿಯೋ, ಚಹಾವೋ ಮಗಳೇ?” ಎಂದರು ತಾಯಿಯವರು, ಅದರ ತಿಳಿಬಣ್ಣವನ್ನು ನೋಡಿ.

“ಸ್ವಲ್ಪ ಆರಲಿ ಅಮ್ಮ, ಆಮೇಲೆ ಹೇಳಿ.”

ಒಂದು ಗುಟುಕು ಕುಡಿದರು. ಏನೂ ಹೇಳಲಿಲ್ಲ. ಆದರೆ ಲೋಟವನ್ನು ನಮ್ಮ ಕಡೆಗೆ ಸರಿಸಲಿಲ್ಲ.

ಹಿತ್ತಾಳೆಯ ಫಿಲ್ಟರನ್ನು ನಾವು ಹಳಿಯುವವರಲ್ಲ. ಅದರ ಡಿಕಾಕ್ಷನ್ ಹಾಲಿಗೆಂದೇ ಹುಟ್ಟಿದುದು. ಹಾಲನ್ನು ತೆಗೆದು ಅದನ್ನು ದೂರುವುದು ನ್ಯಾಯವಲ್ಲ. ಹಾಲಿಲ್ಲದೆ ಕುಡಿಯಬೇಕಾದವರಿಗೆ ಬೇರೆ ದಾರಿ ಬೇಕು.

ಲಾಳಿಕೆಯನ್ನೂ ಕಾಗದವನ್ನೂ ಕೊಂಡು ಮನೆಗೆ ಬಂದೆವು. ಮೊದಲ ದಿನವೇ ಅಪಜಯ. ಬೀಸುವ ಯಂತ್ರಕ್ಕೆ ಹಣವೇಕೆಂದು ಮನೆಯ ಮಿಕ್ಸಿಯಲ್ಲಿಯೇ ಪುಡಿಮಾಡಿದೆವು. ಅದರಲ್ಲಿ ಅರ್ಧ ತರಿ, ಅರ್ಧ ಹಿಟ್ಟು. ಹಿಟ್ಟು ಕಾಗದದ ರಂಧ್ರಗಳನ್ನು ಮುಚ್ಚಿ, ನೀರು ಇಳಿಯಲು ಏಳು ನಿಮಿಷ ಹಿಡಿಯಿತು, ಇಳಿದುದು ಕಹಿ. ತಾಯಿಯವರು ಕುಡಿದು, “ಇರಲಿ ಬಿಡು” ಎಂದು ಎದ್ದುಹೋದರು. ಆ ಎರಡು ಮಾತು ನಮ್ಮನ್ನು ಚುಚ್ಚಿದಷ್ಟು ಯಾವ ಬೈಗಳೂ ಚುಚ್ಚಿರಲಾರದು. ಅಂದೇ ಕೈಯಂತ್ರಕ್ಕೆ ಹೇಳಿಕಳುಹಿಸಿದೆವು.

ಇನ್ನೊಂದು ಸಂಗತಿಯನ್ನು ಪತ್ರಮುಖೇನ ತೋಟದ ಸೊಸೆಯೇ ತಿಳಿಸಿದಳು. ಅವರ ತೋಟ 1,000 ಮೀಟರಿಗೂ ಮೇಲಿರುವುದರಿಂದ ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ; ಕಡಲ ದಡದ ನಮ್ಮಲ್ಲಿ 100ಕ್ಕೆ. ಕುದಿದ ನೀರನ್ನು ನಾವು ತುಸು ಆರಗೊಡಬೇಕು.

ಕೊಕ್ಕರೆ ಮೂತಿಯ ಕೆಟಲಿಗೆ ಪರಿಹಾರವನ್ನು ಕಂಡುಹಿಡಿದವರು ತಾಯಿಯವರು. ದೇವರ ಕೋಣೆಯ ಪಕ್ಕದ ಕಪಾಟಿನಿಂದ ಹಳೆಯ ಕಂಚಿನ ಗಿಂಡಿಯನ್ನು ತೆಗೆದು, ಹುಣಿಸೆಹಣ್ಣಿನಿಂದ ಬೆಳಗಿ, ಅದರ ಕೊರಳಿಗೆ ಬಟ್ಟೆ ಸುತ್ತಿದರು. ಅತಿಥಿಗಳ ಕಾಲಿಗೆ ನೀರು ಕೊಡುತ್ತಿದ್ದ ಆ ಗಿಂಡಿಯ ಮೂತಿಯಿಂದ ಬಿಸಿನೀರು ನೂಲೆಳೆದಂತೆ ಇಳಿಯಿತು. ಕಂಚಿಗೆ ಹೊಯ್ದೊಡನೆ ನೀರು ಬೇಕಾದಷ್ಟು ಆರುವುದೂ ಆಯಿತು.

ಹಾಲು ಸಕ್ಕರೆಗಳಿಲ್ಲದ ಒಂದು ಲೋಟಕ್ಕೆ ವೈದ್ಯರ ಅಡ್ಡಿಯಿರಲಿಲ್ಲ. ಮೊನ್ನೆ ನಾವು ಇನ್ನೂ ಹಾಸಿಗೆಯಲ್ಲಿದ್ದಾಗಲೇ ಯಂತ್ರ ತಿರುಗುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಜಗಲಿಯಲ್ಲಿ ಲಾಳಿಕೆ, ಗಿಂಡಿ, ಐದು ಲೋಟಗಳು. “ನೀರು ಇಳಿಯುತ್ತಾ ಇದೆ, ಮಕ್ಕಳನ್ನೂ ಎಬ್ಬಿಸು” ಎಂದರು ತಾಯಿಯವರು.