ಲಾಸ್ಟ್ ಆರ್ಡರ್ ಅಂದ ಮೇಲೆ

ಇಡೀ ದಿನ ಮೇಲ್‌ಗಳಲ್ಲಿ ‘ಪ್ಲೀಸ್’, ‘ಥ್ಯಾಂಕ್ಸ್’ ಅಂತ ಬರೆಯುವ ನಮ್ಮ ಐಟಿ ಮಂದಿ, ಶುಕ್ರವಾರ ರಾತ್ರಿ ಬಾರ್‌ನಲ್ಲಿ ಎರಡನೇ ಪೆಗ್ ಇಳಿಯುತ್ತಲೇ ‘ಏಯ್, ಬಾರೋ ಇಲ್ಲಿ’ ಅಂತ ಶುರು ಮಾಡ್ತಾರೆ. ಅಪ್ಪನ ವಯಸ್ಸಿನ ಸಪ್ಲೈಯರ್‌ಗೂ ಅದೇ ಕರೆ. ಚಿಟಿಕೆ ಹೊಡೆಯೋದನ್ನಂತೂ ನೋಡೋಕಾಗಲ್ಲ. ‘ಅಣ್ಣಾ’ ಅಂದು ಸ್ವಲ್ಪ ಕೈ ಎತ್ತಿದರೆ ಸಾಕು, ಬರ್ತಾರೆ.

ಜೊತೆಗೆ ಬಂದವನು ಬೇಡ ಅಂದರೆ ಬಿಟ್ಟುಬಿಡಿ. ಗಾಡಿ ಓಡಿಸುವವನಿಗೆ ‘ಒಂದೇ ಪೆಗ್ಗು ಮಗಾ’ ಅನ್ನೋದು ಸ್ನೇಹ ಅಲ್ಲ. ಸಿಕ್ಕಿಬಿದ್ದರೆ ಮೊದಲ ಸಲವೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ನನಗೆ ಹೆಚ್ಚು ಕಾಡೋದು ಲಾಸ್ಟ್ ಆರ್ಡರ್ ಹೊತ್ತು. ಬೆಂಗಳೂರಿನಲ್ಲಿ ಬಾರ್ ರಾತ್ರಿ 1ರವರೆಗೂ ತೆರೆದಿರುತ್ತೆ. ಲಾಸ್ಟ್ ಆರ್ಡರ್ ಅಂದ ಮೇಲೂ ಚಿಕನ್ ಕಬಾಬ್ ಕೇಳುವವರು, ಬಿಲ್ ಬಂದ ಮೇಲೆ ಯಾರು ಎಷ್ಟು ಕುಡಿದರು ಅಂತ ಅರ್ಧ ಗಂಟೆ ಲೆಕ್ಕ ಹಾಕುವವರು ಇದ್ದೇ ಇರ್ತಾರೆ. ನಾವು ಎದ್ದ ಮೇಲೇ ಅವರು ಟೇಬಲ್ ಒರೆಸಿ, ಲೆಕ್ಕ ಒಪ್ಪಿಸಿ ಹೊರಡಬೇಕು. ಅಷ್ಟು ಹೊತ್ತಿಗೆ ಮೆಟ್ರೋ ಇರಲ್ಲ. ನಾವೇನೋ ಕ್ಯಾಬ್ ಬುಕ್ ಮಾಡ್ತೀವಿ.

ನಾನು ಹೋಗುವ ಬಾರ್‌ನಲ್ಲಿ ಹಾಸನ ಕಡೆಯ ಸಪ್ಲೈಯರ್ ಒಬ್ಬರಿದ್ದಾರೆ. ಒಮ್ಮೆ ಹೇಳಿದರು: ‘ಬೈದ್ರೆ ಅಭ್ಯಾಸ ಆಗಿದೆ ಸಾರ್. ಗ್ಲಾಸ್ ಒಡೆದು ಹೋದ್ರೆ ಮಾತ್ರ ನಮ್ಮ ಸಂಬಳದಲ್ಲಿ ಹಿಡೀತಾರೆ.’

ಆಮೇಲಿಂದ ಟಿಪ್ಸ್ ಅನ್ನು ನಗದಾಗಿ ಅವರ ಕೈಗೇ ಕೊಡ್ತೀನಿ. ಬಿಲ್ ಜೊತೆ ಯುಪಿಐಯಲ್ಲಿ ಸೇರಿಸಿದ್ದು ನಿಮಗೆ ಸಿಗುತ್ತಾ ಅಂತ ಕೇಳಿದ್ದೆ. ಅಣ್ಣ ಕ್ಯಾಷ್ ಕೌಂಟರ್ ಕಡೆ ನೋಡಿ, ನಕ್ಕು, ‘ಸೋಡಾ ಹಾಕ್ಲಾ ಸಾರ್?’ ಅಂದರು.