ಒಮ್ಮೆ ಕಾಯ್ದ ಗುಡ್ಡ

ಗುಡ್ಡ ಕುಸಿಯಿತೆಂದರೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಮಳೆಗಾಲ: 2018ರ ಕೊಡಗು, 2024ರ ಶಿರೂರು. ಮುಗಿಲು ನೋಡಿ ಎಚ್ಚರಗೊಳ್ಳುವ ಅವಕಾಶವಾದರೂ ಅಲ್ಲಿದೆ. ಭೂಕಂಪ ಉರುಳಿಸುವ ಗುಡ್ಡಕ್ಕೆ ಆ ದಾಕ್ಷಿಣ್ಯವೂ ಇಲ್ಲ. ಅಂಥ ಕುಸಿತಗಳ ಕುರಿತು ಓದುವಾಗಲೆಲ್ಲ ನನ್ನ ಮನಸ್ಸು ಪೆರು ದೇಶದ ಯುಂಗಾಯ್ ಪಟ್ಟಣಕ್ಕೆ ಹೋಗುತ್ತದೆ.

ಯುಂಗಾಯ್ ಇದ್ದದ್ದು ಹುವಾಸ್ಕರಾನ್ ಹಿಮಶಿಖರದ ಕೆಳಗಿನ ಕಣಿವೆಯಲ್ಲಿ. 1962ರ ಜನವರಿಯಲ್ಲಿ, ಭೂಕಂಪವಿಲ್ಲದೆಯೇ, ಶಿಖರದಿಂದ ಜಾರಿದ ಹಿಮ ಮತ್ತು ಬಂಡೆಗಳ ರಾಶಿ ನೆರೆಯ ರಾನ್ರಾಹಿರ್ಕಾ ಊರನ್ನು ಹೂತುಹಾಕಿತು. ಯುಂಗಾಯ್ ಉಳಿಯಿತು, ನಡುವೆ ಒಂದು ಗುಡ್ಡದ ಸಾಲು ಅಡ್ಡ ನಿಂತಿತ್ತು. 1970ರ ಮೇ 31ರ ಭಾನುವಾರ ಮಧ್ಯಾಹ್ನ, ಕರಾವಳಿಯಾಚೆ ಕಡಲತಳದಲ್ಲಿ ಹುಟ್ಟಿದ 7.9 ಪ್ರಮಾಣದ ಭೂಕಂಪ ಅದೇ ಶಿಖರವನ್ನು ಅಲುಗಿಸಿತು. ಕಳಚಿದ ರಾಶಿ ಕೆಲವೇ ನಿಮಿಷಗಳಲ್ಲಿ ಕಣಿವೆಗೆ ಧಾವಿಸಿತು. ಅದರ ಒಂದು ಕವಲು ಆ ಗುಡ್ಡವನ್ನೇ ಹತ್ತಿ ಇಳಿಯಿತು. ಸಾವಿರಾರು ಜನ ಮಣ್ಣಿನಡಿಯಾದರು. ಎತ್ತರದ ಸ್ಮಶಾನದ ದಿಬ್ಬಕ್ಕೆ ಓಡಿದವರು ಬದುಕಿಕೊಂಡರು.

ಇಂಥ ದುರಂತದ ನಂತರ ವಿಜ್ಞಾನಿಗಳು ನಡೆಸುವುದು ಒಂದು ಬಗೆಯ ಮರಣೋತ್ತರ ಪರೀಕ್ಷೆ. ನಿಂತ ಮಣ್ಣಿನ ದಪ್ಪ, ಕೆಸರು ಏರಿದ ಎತ್ತರ, ಬಂಡೆಗಳು ಸಿಡಿದ ದೂರ, ಇವುಗಳಿಂದ ವೇಗವನ್ನು ಲೆಕ್ಕಹಾಕುತ್ತಾರೆ. ಸ್ವಿಟ್ಜರ್ಲೆಂಡಿನ ವೊಯೆಲ್ಮಿ 1955ರಲ್ಲಿ ಹಿಮಕುಸಿತಗಳಿಗಾಗಿ ರೂಪಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಎರಡು ಅಂಕಿಗಳು: ನೆಲದ ಘರ್ಷಣೆ ಒಂದು, ವೇಗದ ವರ್ಗದೊಂದಿಗೆ ಏರುವ ಪ್ರತಿರೋಧ ಇನ್ನೊಂದು. ಅವನ್ನು ಹೊಂದಿಸುತ್ತ ಹೋದರೆ ಗಣಕದ ಪರದೆಯ ಮೇಲೆ ಯುಂಗಾಯ್ ಮತ್ತೊಮ್ಮೆ ಮುಳುಗುತ್ತದೆ. ಕಠಿಣವಾದದ್ದು ಗಾತ್ರದ ಪ್ರಶ್ನೆ. ಹೊರಟ ರಾಶಿ ದಾರಿಯ ಕಲ್ಲುಮಣ್ಣನ್ನೆಲ್ಲ ಕಬಳಿಸುತ್ತ ಬೆಳೆಯುತ್ತದೆ. ಎಷ್ಟು ಕಬಳಿಸೀತು ಎಂಬುದನ್ನು ಮೊದಲೇ ಹೇಳುವುದು ಸುಲಭವಲ್ಲ.

ನನ್ನನ್ನು ಕಾಡುವುದು ನಡುವಿನ ಆ ಎಂಟು ವರ್ಷಗಳು. ಕಣ್ಣೆದುರೇ ಕಾಯ್ದ ಗುಡ್ಡವನ್ನು ಯಾರು ತಾನೇ ನಂಬದಿದ್ದಾರು? ಅನುಭವ ಹೇಳುವುದು ಇದುವರೆಗೆ ಬಂದದ್ದನ್ನು ಮಾತ್ರ. ಅದಕ್ಕಿಂತ ದೊಡ್ಡದು ಬಂದರೆ ಏನಾದೀತು ಎಂದು, ಒಂದು ಜೀವವನ್ನೂ ತೆರದೆ ಕೇಳಿ ನೋಡಬಹುದಾದ ಜಾಗ ಈ ಮಾದರಿಗಳು. 2015ರ ಏಪ್ರಿಲ್‌ನ ಭೂಕಂಪದಲ್ಲಿ ನೇಪಾಳದ ಲಾಂಗ್‌ಟಾಂಗ್ ಹಳ್ಳಿಯೂ ಹಿಮ ಮತ್ತು ಬಂಡೆಗಳಡಿ ಹುದುಗಿತು. ಹಿಮಾಲಯದ ಎಷ್ಟೋ ಊರುಗಳು ಇಂದಿಗೂ ಇಂಥ ಇಳಿಜಾರುಗಳ ಕೆಳಗಿವೆ. ಅಲ್ಲಿಯ ಹಿರಿಯರೊಬ್ಬರು "ಇಲ್ಲಿಯವರೆಗೆ ಎಂದೂ ಬಂದಿಲ್ಲ" ಎಂದರೆ, ಆ ಮಾತನ್ನು ಗೌರವದಿಂದ ಬರೆದುಕೊಳ್ಳಬೇಕು. ನಕ್ಷೆಯ ಅಪಾಯದ ಗೆರೆಯನ್ನು ಮಾತ್ರ ಅವರ ಮನೆಯಾಚೆಗೂ ಎಳೆಯಬೇಕಾದೀತು.